ಮುತ್ತಜ್ಜನ ಮದ್ದಿನ ಪುಸ್ತಕ: ಹತ್ತು ತಿಂಗಳ ರಿಪೇರಿ

ನನ್ನ ಕೆಲಸ ಮೋಟಾರ್ ರೀವೈಂಡಿಂಗ್. ಚಿಕ್ಕಮಗಳೂರಿನಲ್ಲಿ ಸಣ್ಣ ಅಂಗಡಿ ಇದೆ. ಸುಟ್ಟ ಪಂಪ್‌ಸೆಟ್ ತಂದುಕೊಟ್ಟರೆ ಹಳೇ ತಂತಿ ಕಿತ್ತು ಹೊಸದು ಸುತ್ತಿ ಕೊಡುತ್ತೇನೆ. ಪುಸ್ತಕ ರಿಪೇರಿ ಎಲ್ಲೂ ಕಲಿತವನಲ್ಲ. ಹಾಗಾಗಿ ಇದನ್ನು ಪಾಠ ಅಂತ ಓದಬೇಡಿ. ಎಲ್ಲೆಲ್ಲಿ ಕೆಡಿಸಿದೆ ಅನ್ನೋದನ್ನೇ ಜಾಸ್ತಿ ಬರೆದಿದ್ದೇನೆ. ಮನೆಯಲ್ಲಿ ಇಂಥದ್ದೊಂದು ಹಳೇ ಪುಸ್ತಕ ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬರೋದು ಅದೇ.

1. ಏಪ್ರಿಲ್ 2024: ಅಟ್ಟದಿಂದ ಇಳಿಸಿದ್ದು

ಯುಗಾದಿಗೆ ಮೂಡಿಗೆರೆ ಕಡೆಯ ನಮ್ಮ ಊರಿಗೆ ಹೋಗಿದ್ದೆ. ದೊಡ್ಡಪ್ಪ ಅಡುಗೆಮನೆ ಅಟ್ಟದಿಂದ ಒಂದು ಬಟ್ಟೆ ಗಂಟು ಇಳಿಸಿ ಕೊಟ್ಟರು. "ನಿನ್ನ ಮುತ್ತಜ್ಜನ ಮದ್ದಿನ ಪುಸ್ತಕ ಕಣೋ. ನಾನು ಹೋದ ಮೇಲೆ ಇದನ್ನ ಯಾರೂ ಕೇಳಲ್ಲ. ನಿಂಗೆ ಕೈಕೆಲಸ ಬರುತ್ತಲ್ಲ, ಏನಾದ್ರೂ ಮಾಡು."

ಗೆರೆ ಹಾಕಿದ ಲೆಕ್ಕದ ಪುಸ್ತಕ ಅದು. 33 ಸೆಂ.ಮೀ. ಉದ್ದ, 20.5 ಸೆಂ.ಮೀ. ಅಗಲ, 142 ಹಾಳೆ. ಹಾಳೆಗಳಿಗೆ ಮುತ್ತಜ್ಜ ಮೇಲಿನ ಮೂಲೆಯಲ್ಲಿ ಕನ್ನಡ ಅಂಕಿ ಹಾಕಿದ್ದಾರೆ. ಇಸವಿ ಎಲ್ಲೂ ಇಲ್ಲ. ಆದರೆ ಜ್ವರದ ಭಾಗದಲ್ಲಿ "ಕಾಳಯುಕ್ತಿಯ ದೊಡ್ಡ ಜ್ವರದಲ್ಲಿ ಕೊಟ್ಟದ್ದು" ಅಂತ ಒಂದು ಸಾಲಿದೆ. ಕಾಳಯುಕ್ತಿ ಸಂವತ್ಸರ ಅಂದರೆ 1918-19, ಇನ್‌ಫ್ಲುಯೆಂಜಾ ಬಂದ ವರ್ಷ. ಕೊನೆಯ ಹಾಳೆಗಳಲ್ಲಿ ರೌದ್ರಿ ಸಂವತ್ಸರದ ಶ್ರಾವಣ ಅಂತ ಇದೆ, ಅದು 1920. ಅಲ್ಲಿಗೆ ಪುಸ್ತಕಕ್ಕೆ ನೂರು ದಾಟಿದೆ.

ಒಳಗೆ ಇರೋದು ನಮ್ಮ ಕಡೆಯ ಮದ್ದುಗಳೇ. ಕೆಮ್ಮಿಗೆ ಆಡುಸೋಗೆ, ಕಾಮಾಲೆಗೆ ನೆಲನೆಲ್ಲಿ, ಜ್ವರಕ್ಕೆ ಅಮೃತಬಳ್ಳಿ, ಮಂಡಿ ನೋವಿಗೆ ಲಕ್ಕಿ ಸೊಪ್ಪಿನ ಶಾಖ. ಕೊನೆಗೆ ಒಂದಷ್ಟು ದನಗಳ ಮದ್ದು. ತೂಕ ಎಲ್ಲ ರೂಪಾಯಿ ತೂಕ, ಗುಲಗಂಜಿ ತೂಕದಲ್ಲಿ. ಹಳೇ ಬೆಳ್ಳಿ ರೂಪಾಯಿ ಒಂದು ತೊಲ, 11.66 ಗ್ರಾಂ. ತೊಲಕ್ಕೆ 96 ಗುಂಜಿ, ಅಂದರೆ ಗುಲಗಂಜಿ.

ಸ್ಥಿತಿ: ಬೆನ್ನಿನ ಹೊಲಿಗೆ ಪೂರಾ ಲಡ್ಡು. ಮೇಲಿನ ರಟ್ಟು ಬಿದ್ದುಹೋಗಿದೆ. ಬಲಗಡೆ ಮೇಲಿನ ಮೂಲೆಯನ್ನು ಗೆದ್ದಲು ತಿಂದಿದೆ. ನಡುನಡುವೆ ಹುಳ ಕೊರೆದ ಸಣ್ಣ ತೂತು, ಒಂದೇ ತೂತು ನಲವತ್ತು ಹಾಳೆ ದಾಟಿ ಹೋಗಿದೆ. ಎಲ್ಲದರ ಮೇಲೂ ಒಲೆ ಹೊಗೆಯ ಮಸಿ.

ಈ ಮಸಿಯ ಬಗ್ಗೆ ದೊಡ್ಡಮ್ಮ ಹೇಳಿದ್ದು ಕೇಳಿ. ಸೌದೆ ಒಲೆ ಉರಿಯುತ್ತಿದ್ದಷ್ಟು ಕಾಲ ಅಟ್ಟದಲ್ಲಿ ಇಟ್ಟಿದ್ದಕ್ಕೆ ಒಂದು ಹುಳ ಬರಲಿಲ್ಲವಂತೆ. 2003ರಲ್ಲಿ ಗ್ಯಾಸ್ ಬಂತು, ಹೊಗೆ ನಿಂತಿತು. ಆಮೇಲೆ ಅಕ್ಕಿ ಮೊರದಿಂದ ಹಿಡಿದು ಈ ಪುಸ್ತಕದವರೆಗೆ ಎಲ್ಲಕ್ಕೂ ಹುಳ. ಪುಸ್ತಕವನ್ನು ಅಟ್ಟದಲ್ಲಿಟ್ಟವರು ದಡ್ಡರಲ್ಲ. ಹೊಗೆ ನಿಂತ ಮೇಲೂ ಅಲ್ಲೇ ಬಿಟ್ಟವರು ನಾವು.

ಇನ್ನೊಂದು ಹಾಳತ ನನ್ನದೇ. 1993ರಲ್ಲಿ, ನಾನು ಏಳನೇ ಕ್ಲಾಸು, ಹರಿದ ಹನ್ನೊಂದು ಹಾಳೆಗೆ ಸೆಲ್ಲೋಟೇಪ್ ಅಂಟಿಸಿದ್ದೆ. ಆಗ ಅಜ್ಜ ಹೊಗಳಿದ್ದರು. ಈಗ ಟೇಪಿನ ಪ್ಲಾಸ್ಟಿಕ್ ಉದುರಿದೆ, ಅಂಟು ಕಾಗದದೊಳಗೆ ಇಳಿದು ಜೇನಿನ ಬಣ್ಣಕ್ಕೆ ತಿರುಗಿದೆ.

2. ಏಪ್ರಿಲ್ ಕೊನೆ: ಹುಳಕ್ಕೆ ಚಳಿ

ಮೊದಲು ಜೀವಂತ ಹುಳ ಸಾಯಬೇಕು. ಮದ್ದು ಹೊಡೆಯಲಿಲ್ಲ. ಪುಸ್ತಕವನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು ಸುತ್ತಿ, ಬಾಯಿಗೆ ಟೇಪ್ ಹಾಕಿ ಮನೆಯ ಫ್ರಿಜ್‌ನ ಮೇಲಿನ ಅರೆಯಲ್ಲಿಟ್ಟೆ. ಮೂರನೇ ದಿನ ಮಳೆಗಾಳಿ ಬಂದು 11 ಗಂಟೆ ಕರೆಂಟ್ ಇಲ್ಲ. ಐಸೆಲ್ಲ ಕರಗಿತು. ಲೆಕ್ಕ ಮತ್ತೆ ಸೊನ್ನೆಯಿಂದ.

ಎರಡನೇ ಸಲ ಜನರೇಟರ್ ಇರುವ ಬೇಕರಿ ಸ್ನೇಹಿತನ ಡೀಪ್ ಫ್ರೀಜರ್‌ನಲ್ಲಿಟ್ಟೆ. ಮೈನಸ್ 18 ಡಿಗ್ರಿ, 14 ದಿನ. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಚಬಾರದು. ತಣ್ಣಗಿರುವ ಕಾಗದದ ಮೇಲೆ ಗಾಳಿಯ ನೀರು ಕೂರುತ್ತದೆ. 24 ಗಂಟೆ ಹಾಗೇ ಬಿಟ್ಟು ಆಮೇಲೆ ಬಿಚ್ಚಿದೆ. ಇದೊಂದು ಮಾತ್ರ ತಪ್ಪಿಲ್ಲದೆ ನಡೆಯಿತು.

3. ಮೇ: ಧೂಳು ಹೊಡೆದದ್ದು, ಅದರಲ್ಲಿ ಅಕ್ಷರವೂ ಹೋದದ್ದು

ಮೆತ್ತನೆಯ ಬ್ರಷ್ ಎರಡು, 210 ರೂಪಾಯಿ. ಮಸಿಗೆ ಮೇಕಪ್ ಮಾಡುವ ರಬ್ಬರ್ ಸ್ಪಂಜು, 90 ರೂಪಾಯಿ. ಸ್ಪಂಜನ್ನು ತುಂಡು ಮಾಡಿ, ಒಣಗಿದ್ದನ್ನೇ, ಒಂದೇ ದಿಕ್ಕಿಗೆ ಮೆಲ್ಲಗೆ ಒತ್ತಿ ಎತ್ತಬೇಕು. ಉಜ್ಜಿದರೆ ಮಸಿ ಕಾಗದದ ಒಳಗೆ ಹೋಗುತ್ತದೆ. ಕಪ್ಪಾದ ತುಂಡು ಎಸೆದು ಹೊಸದು. ಸಂಜೆಗೆ 15 ಹಾಳೆಯ ಲೆಕ್ಕದಲ್ಲಿ ಹತ್ತು ದಿನ ಹಿಡಿಯಿತು.

ತಪ್ಪು ಎಲ್ಲಾಯಿತು ಅಂದರೆ, ಫೋಟೋ ತೆಗೆಯೋ ಮೊದಲೇ ಬ್ರಷ್ ಹಿಡಿದೆ. ಗೆದ್ದಲು ತಿಂದ ಅಂಚು ಅಪ್ಪಳದ ಹಾಗೆ ಆಗಿತ್ತು. ಬ್ರಷ್ ತಾಗಿದಲ್ಲೆಲ್ಲ ಚೂರು ಉದುರಿತು. ಅದರಲ್ಲಿ ಅಕ್ಷರ ಇರೋದು ಗೊತ್ತಾದದ್ದು ಮೂರನೇ ದಿನ. ಆ ಹೊತ್ತಿಗೆ ಎರಡು ದಿನದ ಕಸ ತೊಟ್ಟಿ ಸೇರಿತ್ತು. ಮೂರನೇ ದಿನದ್ದನ್ನು ಮಾತ್ರ ಜರಡಿ ಹಿಡಿದು 31 ಚೂರು ಆರಿಸಿದೆ. ಅದರಲ್ಲಿ 9ಕ್ಕೆ ಜಾಗ ಸಿಕ್ಕಿತು. ಉಳಿದ 22 ಒಂದು ಬೆಂಕಿಪೊಟ್ಟಣದಲ್ಲಿ ಇವೆ.

ಆಮೇಲೆ ಬುದ್ಧಿ ಬಂದು ಪ್ರತಿ ಹಾಳೆಯ ಎರಡೂ ಮುಖ ಫೋನಿನಲ್ಲಿ ತೆಗೆದೆ, ಒಟ್ಟು 284 ಫೋಟೋ. ಹಾಳೆಯ ಕೆಳಗೆ ಕಪ್ಪು ರಟ್ಟು ಇಟ್ಟರೆ ತೂತು ಎಲ್ಲಿದೆ ಅಂತ ಸ್ಪಷ್ಟ ಕಾಣುತ್ತದೆ.

4. ಮೇ ಕೊನೆ: ಗಾಳಿಪಟದ ಕಾಗದ

ತೇಪೆ ಹಾಕಲು ತೆಳ್ಳನೆ ಕಾಗದ ಬೇಕಲ್ಲ. ಬಿಳಿ ಗಾಳಿಪಟದ ಕಾಗದ ತಂದೆ, 40 ರೂಪಾಯಿ. ಮೈದಾ ಅಂಟು ಕುದಿಸಿದೆ. ಪುಣ್ಯಕ್ಕೆ ಮೊದಲು ಖಾಲಿ ಹಾಳೆಯೊಂದರ ಮೇಲೆ ಹಾಕಿದೆ. ಒಣಗಿದ ಮೇಲೆ ಹಾಳೆ ಹಪ್ಪಳದಂತೆ ಸುರುಟಿಕೊಂಡಿತು. ಬಾಗಿಸಿದರೆ ತೇಪೆ ಮುಗಿಯುವ ಗೆರೆಯಲ್ಲೇ ಹಳೇ ಕಾಗದ ಮುರಿಯಿತು. ತೇಪೆ ಯಾವತ್ತೂ ಹಳೇ ಹಾಳೆಗಿಂತ ಗಟ್ಟಿ ಇರಬಾರದು. ನಮ್ಮ ವೈಂಡಿಂಗ್‌ನಲ್ಲಿ ಇನ್ಸುಲೇಷನ್ ಗಟ್ಟಿಯಾದಷ್ಟೂ ಒಳ್ಳೇದು. ಇಲ್ಲಿ ಉಲ್ಟಾ.

ಹಾಸನದಲ್ಲಿ ಒಬ್ಬ ಹಿರಿಯ ಬೈಂಡರ್ ಇದ್ದಾರೆ, ಕೋರ್ಟು ಕಚೇರಿಯ ಪುಸ್ತಕ ಹೊಲಿದು ಕೈ ಪಳಗಿದವರು. ಅವರಿಗೆ ತೋರಿಸಿದೆ. "ಅಂಟಿಗೆ ಮೈಲುತುತ್ತ ಹಾಕ್ಲಿಲ್ವಾ? ಹುಳ ಬಿಡುತ್ತಾ ಸಾರ್ ಮತ್ತೆ?" ಅಂದರು. ಅವರ ಕಾಲದಲ್ಲಿ ಎಲ್ಲರೂ ಹಾಕುತ್ತಿದ್ದರು. ಕಾಫಿ ತೋಟದವರ ಮನೆಯಲ್ಲಿ ಮೈಲುತುತ್ತಕ್ಕೆ ಬರವೇ? ಬೋರ್ಡೋಗೆ, ಅಂದರೆ ಗಿಡದ ರೋಗಕ್ಕೆ ಹೊಡೆಯುವ ದ್ರಾವಣಕ್ಕೆ, ತಂದಿಟ್ಟ ಚೀಲ ಇದ್ದೇ ಇರುತ್ತದೆ. ಆದರೂ ಹಾಕಲಿಲ್ಲ. ತಾಮ್ರದ ಉಪ್ಪು ನಿಧಾನಕ್ಕೆ ಕಾಗದವನ್ನೇ ತಿನ್ನುತ್ತದೆ. ಹಾಗಂತ ಅವರ ಮುಂದೆ ಹೇಳಲು ಬಾಯಿ ಬರಲಿಲ್ಲ. ಅವರ ಹತ್ತಿರ ರಟ್ಟು, ಬೈಂಡಿಂಗ್ ಬಟ್ಟೆ ಕೊಂಡು ಬಂದೆ, 350 ರೂಪಾಯಿ. ಹೊಲಿಗೆ ಹಾಕುವ ಕ್ರಮವನ್ನು ಅರ್ಧ ಗಂಟೆ ಕೂರಿಸಿಕೊಂಡು ತೋರಿಸಿದರು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

5. ಜೂನ್: ಗೋಧಿ ಹಾಲು, ಜಪಾನಿ ಕಾಗದ, ನೇರಳೆ ಕಲೆ

ಜಪಾನಿ ಟಿಶ್ಯೂ ತರಿಸಿದೆ. ಕೋಜೊ ಅನ್ನುವ ಗಿಡದ ನಾರಿನದು, ತೂಕ ಚದರ ಮೀಟರಿಗೆ 9 ಗ್ರಾಂ. ಆರು ಹಾಳೆಗೆ ಕೊರಿಯರ್ ಸೇರಿ 1,380. ಬೆಲೆ ನೋಡಿ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕೈಗೆ ಬಂದ ಮೇಲೆ ಗೊತ್ತಾಯಿತು ಯಾಕೆ ಅಷ್ಟು ಅಂತ. ಜೇಡರ ಬಲೆಯಷ್ಟು ತೆಳು, ಎಳೆದರೆ ಹರಿಯುವುದಿಲ್ಲ. ಕತ್ತರಿ ಹಾಕಬಾರದು. ಒದ್ದೆ ಬ್ರಷ್‌ನಿಂದ ಗೆರೆ ಎಳೆದು ಕೈಯಲ್ಲಿ ಬಿಡಿಸಿದರೆ ಅಂಚಿನಲ್ಲಿ ನಾರು ಉಳಿಯುತ್ತದೆ. ಆ ನಾರೇ ಹಿಡಿತ.

ಅಂಟಿಗೆ ಮೈದಾ ಬೇಡ, ಬರೀ ಪಿಷ್ಟ ಬೇಕು. ಅದನ್ನು ಅಮ್ಮನಿಗೆ ವಿವರಿಸುತ್ತಿದ್ದರೆ, "ಹಲ್ವಾಕ್ಕೆ ಮಾಡೋ ಗೋಧಿ ಹಾಲು ಅನ್ನು, ಅದಕ್ಕೆ ಯಾಕೆ ಇಷ್ಟು ಸುತ್ತು ಬಳಸು?" ಅಂದರು. ಸರಿಯಾಗಿ ಅದೇ. ಅರ್ಧ ಕೆ.ಜಿ. ಗೋಧಿ ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ, ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ, ಹಾಲನ್ನು ರಾತ್ರಿ ಬಿಟ್ಟು ಮೇಲಿನ ನೀರು ಚೆಲ್ಲಿದೆ. ತಳದಲ್ಲಿ ಕೂತ ಬಿಳಿ ಗಟ್ಟಿಯನ್ನು ಒಣಗಿಸಿ ಪುಡಿ ಮಾಡಿಟ್ಟುಕೊಂಡೆ. ಒಂದು ಚಮಚ ಪುಡಿಗೆ ಐದು ಚಮಚ ನೀರು. ಸಣ್ಣ ಉರಿಯಲ್ಲಿ 25 ನಿಮಿಷ, ಕೈ ಬಿಡದೆ ತಿರುವಬೇಕು. ಗಾಜಿನ ಹಾಗೆ ಹೊಳಪು ಬಂದ ಮೇಲೆ ಆರಿಸಿ, ಮೂರು ಸಲ ಜರಡಿ ಹಿಡಿಯಬೇಕು. ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ, ಐದನೇ ದಿನ ಹುಳಿ ವಾಸನೆ.

ನೀರು ತಾಗಿದರೆ ಬರೆದ ಮಸಿ, ಅಂದರೆ ಶಾಯಿ, ಹರಡುತ್ತದೋ ಅಂತ ನೋಡಲು ಮೂರನೇ ಹಾಳೆಯ ಒಂದು ಅಕ್ಷರಕ್ಕೆ ಒದ್ದೆ ಹತ್ತಿ ತಾಗಿಸಿದೆ. ಏನೂ ಆಗಲಿಲ್ಲ. ಸರಿ, ಪುಸ್ತಕ ಪೂರ್ತಿ ಹೀಗೇ ಅಂದುಕೊಂಡೆ. ಇದಕ್ಕಿಂತ ದೊಡ್ಡ ತಪ್ಪು ಈ ಹತ್ತು ತಿಂಗಳಲ್ಲಿ ನಾನು ಮಾಡಿಲ್ಲ.

38ನೇ ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದ ಸಣ್ಣ ಟಿಪ್ಪಣಿ ಇತ್ತು. ಮಾಮೂಲಿ ಬೂದು ಪೆನ್ಸಿಲ್ ಅಂತ ನೋಡಿ ಅದರ ಪಕ್ಕದ ಹರಿಕಿಗೆ ಅಂಟು ಹಚ್ಚಿದೆ. ಒಂದು ನಿಮಿಷದಲ್ಲಿ ನೇರಳೆ ಬಣ್ಣ ಹೂವಿನ ಹಾಗೆ ಅರಳಿತು. ಕೈ ನಡುಗಿ ಬ್ಲಾಟಿಂಗ್ ಪೇಪರ್ ಒತ್ತಿದೆ, ಅದರಿಂದ ಇನ್ನೂ ಹರಡಿತು. ಅದು ಕಾಪಿಂಗ್ ಪೆನ್ಸಿಲ್. ಗ್ರಾಫೈಟ್ ಜೊತೆ ಬಣ್ಣ ಬೆರೆಸಿರುತ್ತಾರೆ. ಒಣಗಿದಾಗ ಬೂದು, ಒದ್ದೆಯಾದರೆ ನೇರಳೆ. ಟಿಪ್ಪಣಿಯ ಆರು ಪದಗಳಲ್ಲಿ ಈಗ ಎರಡು ಓದಬಹುದು: "ನಾಗಿಗೆ ಕೊಟ್ಟು". ನಾಗಿ ಯಾರು, ಏನು ಕೊಟ್ಟರು, ವಾಸಿಯಾಯಿತಾ? ಫೋಟೋ ಇದೆ, ಆದರೆ ಆ ಪೆನ್ಸಿಲ್ ಸಾಲು ಫೋಟೋದಲ್ಲಿ ಮಂಕು.

ಆಮೇಲೆ ಕೂತು ಇಡೀ ಪುಸ್ತಕದಲ್ಲಿ ಪೆನ್ಸಿಲ್ ಎಲ್ಲೆಲ್ಲಿದೆ ಅಂತ ಪಟ್ಟಿ ಮಾಡಿದೆ. 17 ಹಾಳೆ. ಆ ಹಾಳೆಗಳಿಗೆ ಅಂಟು ಇಲ್ಲ, ಸ್ಪಿರಿಟ್ಟೂ ಇಲ್ಲ, ಯಾಕೆಂದರೆ ಈ ಬಣ್ಣ ಅದರಲ್ಲೂ ಕರಗುತ್ತದೆ. ಹರಿದಿದ್ದರೆ ಹರಿದ ಹಾಗೇ ಇವೆ. ಹಾಳೆಯ ಎರಡು ಬದಿಗೂ ತೆಳು ಕಾಗದ ಸೇರಿಸಿ ಆಸರೆ ಕೊಟ್ಟಿದ್ದೇನೆ, ಅಷ್ಟೇ.

6. ಜೂನ್ ಕೊನೆ: ಮಸಿಯ ಗುಟ್ಟು ರಟ್ಟಿನಲ್ಲೇ ಇತ್ತು

ಮಸಿ ಹರಡಲಿಲ್ಲ ಅಂದೆನಲ್ಲ, ಅದೂ ಅರ್ಧ ಸತ್ಯ. ಅಂಟು ಹಚ್ಚಿದ ಕೆಲವು ಕಡೆ ನಾಲ್ಕು ದಿನದ ನಂತರ ಅಕ್ಷರದ ಸುತ್ತ ತೆಳು ಕಂದು ನೆರಳು ಕಂಡಿತು. ಇದೇನು ಅಂತ ತಲೆ ಕೆಡಿಸಿಕೊಂಡಿದ್ದಾಗ ಹಿಂದಿನ ರಟ್ಟಿನ ಒಳಮೈ ನೋಡಿದೆ. "ಮಸಿ ಮಾಡುವ ಕ್ರಮ" ಅಂತ ಮುತ್ತಜ್ಜನೇ ಬರೆದಿದ್ದಾರೆ: ಅಳಲೆಕಾಯಿ ಜಜ್ಜಿ ಕಷಾಯ ಮಾಡಿ, ಅನ್ನಭೇದಿ ಹಾಕಿ, ಗೋಂದು ಸೇರಿಸಿ, ಏಳು ದಿನ ಬಿಸಿಲು.

ಅನ್ನಭೇದಿ ಅಂದರೆ ಕಬ್ಬಿಣದ ಉಪ್ಪು. ಅಳಲೆಯ ಒಗರಿನ ಜೊತೆ ಸೇರಿ ಕಪ್ಪು ಮಸಿ ಆಗುತ್ತದೆ. ಆದರೆ ಮಿಕ್ಕ ಕಬ್ಬಿಣ ಕಾಗದದಲ್ಲೇ ಉಳಿಯುತ್ತದೆ. ನೀರು ಸಿಕ್ಕಿದರೆ ಅದು ಪಕ್ಕಕ್ಕೆ ಹರಿದು ಅಲ್ಲೂ ಸುಡಲು ಶುರು ಮಾಡುತ್ತದೆ. ಮಸಿ ದಟ್ಟವಾಗಿ ಬಿದ್ದ ಕಡೆ ಕಾಗದ ಹಿಂಬದಿಗೆ ಸುಟ್ಟಂತೆ ಕಾಣುತ್ತಿದ್ದದ್ದೂ ಇದಕ್ಕೇ. ಮೊದಲ ದಿನವೇ ರಟ್ಟು ತಿರುಗಿಸಿ ಓದಿದ್ದರೆ 14 ಹಾಳೆ ಉಳಿಯುತ್ತಿತ್ತು.

ದಾರಿ ಬದಲಿಸಿದೆ. ಮೀಥೈಲ್ ಸೆಲ್ಯುಲೋಸ್ ಅನ್ನುವ ಅಂಟಿನ ಪುಡಿ 100 ಗ್ರಾಂ, 390 ರೂಪಾಯಿ. ಅದರ ಗಂಜಿ ಮತ್ತು ಗೋಧಿ ಅಂಟು ಸಮ ಪಾಲು ಬೆರೆಸಿ, ಪ್ಲಾಸ್ಟಿಕ್ ಹಾಳೆ ಮೇಲೆ ತೆಳ್ಳಗೆ ಸವರಿ, ಅದರ ಮೇಲೆ ಜಪಾನಿ ಟಿಶ್ಯೂ ಹಾಸಿ ಪೂರ್ತಿ ಒಣಗಿಸಬೇಕು. ಒಣಗಿದ ಮೇಲೆ ಕಿತ್ತರೆ ಅಂಚೆಚೀಟಿಯ ಹಾಗೆ ಹಿಂದೆ ಅಂಟಿರುವ ಕಾಗದ. ಬೇಕಾದಷ್ಟು ತುಂಡು ತೆಗೆದು, ಒದ್ದೆ ಸ್ಪಂಜಿನ ಮೇಲಿಟ್ಟ ಬ್ಲಾಟಿಂಗ್ ಪೇಪರಿಗೆ ಒಂದು ಕ್ಷಣ ತಾಗಿಸಿ, ಹರಿಕಿನ ಮೇಲಿಟ್ಟು ಒತ್ತುವುದು. ಒತ್ತಲು ನಮ್ಮ ಅಂಗಡಿಯಲ್ಲಿ ಮೋಟಾರಿನ ತಂತಿ ಕೂರುವ ಸಂದಿಗೆ ಹಾಕುವ ಬಿದಿರು ಕಡ್ಡಿ, ಮರಳು ಕಾಗದದಲ್ಲಿ ಉಜ್ಜಿ ನುಣುಪು ಮಾಡಿದ್ದು. ನೀರು ಬಹಳ ಕಡಿಮೆ. ಹೀಗೆ ಹಾಕಿದ ತೇಪೆಗಳ ಸುತ್ತ ಇವತ್ತಿನವರೆಗೆ ನೆರಳು ಬಂದಿಲ್ಲ.

7. ಜುಲೈ: ಬೂಷ್ಟು

ಮಲೆನಾಡಿನ ಮಳೆಗಾಲದಲ್ಲಿ ಅಂಟಿನ ಕೆಲಸ ಹಿಡಿಯುವವನಿಗೆ ಏನನ್ನಬೇಕು? ಬಟ್ಟೆಯೇ ಒಣಗುವುದಿಲ್ಲ. ತೇವಮಾಪಕ 480 ಕೊಟ್ಟು ತಂದೆ, ಅದು ಶೇಕಡಾ 88 ತೋರಿಸಿತು. 65 ದಾಟಿದರೆ ಬೂಷ್ಟಿಗೆ ಹಬ್ಬ. ಭಾರ ಹೇರಿ ಇಟ್ಟಿದ್ದ ಆರು ಹಾಳೆ ತೆಗೆದು ನೋಡಿದರೆ ತೇಪೆಗಳ ಮೇಲೆ ಬೂದು ಹತ್ತಿ.

ಗಾಬರಿಯಲ್ಲಿ ಮತ್ತೊಂದು ಅವಿವೇಕ. ವಾರ್ನಿಷ್ ಹಾಕಿದ ಮೋಟಾರ್ ಒಣಗಿಸುವ ಬಲ್ಬಿನ ಪೆಟ್ಟಿಗೆ ಅಂಗಡಿಯಲ್ಲಿದೆ. ಒಂದೇ 60 ವ್ಯಾಟ್ ಬಲ್ಬ್ ಹಾಕಿ ಹಾಳೆಗಳನ್ನು ಎರಡು ಗಂಟೆ ಇಟ್ಟೆ. ತೇವ 31ಕ್ಕೆ ಇಳಿಯಿತು. ಬೂಷ್ಟು ನಿಂತಿತು, ಆದರೆ ಅಂಚು ಒಣ ತರಗೆಲೆಯ ಹಾಗೆ ಸುರುಟಿ ಎರಡು ಕಡೆ ಸೀಳಿತು. ಮೋಟಾರ್ ಸುಟ್ಟರೆ ಮತ್ತೆ ಸುತ್ತಬಹುದು. ಇದನ್ನು ಸುತ್ತಲು ಬರುವುದಿಲ್ಲ.

ಬೂಷ್ಟನ್ನು ಹೊರಗಡೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬ್ರಷ್‌ನಿಂದ ತೆಗೆದೆ. ಪುಸ್ತಕವನ್ನು ಸಿಲಿಕಾ ಜೆಲ್ ಜೊತೆ ಸ್ಟೀಲ್ ಡಬ್ಬದಲ್ಲಿ ಮುಚ್ಚಿ ನವೆಂಬರ್‌ವರೆಗೆ ಮುಟ್ಟಲಿಲ್ಲ.

8. ನವೆಂಬರ್, ಡಿಸೆಂಬರ್: ಟೇಪ್, ಮತ್ತು ಒಂದು ತೂತು

ಸೆಲ್ಲೋಟೇಪಿನ ಪ್ಲಾಸ್ಟಿಕ್ ಉಳಿದ ಕಡೆ ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ ಹಿಡಿದು ಚಪ್ಪಟೆ ಕಡ್ಡಿಯಿಂದ ಎಬ್ಬಿಸಿದೆ. ಉಳಿದ ಜಿಗುಟನ್ನು ರಬ್ಬರ್‌ನಿಂದ ಉಂಡೆ ಕಟ್ಟಿಸಿ ತೆಗೆದೆ. ಕಂದು ಕಲೆ ಹೋಗಲಿಲ್ಲ. ಹೋಗಿಸಲು ಹೋಗಲೂ ಇಲ್ಲ. ಅಷ್ಟು ಹೊತ್ತಿಗೆ ಅಷ್ಟು ಬುದ್ಧಿ ಬಂದಿತ್ತು.

ತೂತುಗಳಿಗೆ ತೇಪೆ ಹಾಕುವಾಗ 77ನೇ ಹಾಳೆ ಬಂತು. ವತ್ಸನಾಭಿ ಹಾಕುವ ಒಂದು ಮಾತ್ರೆಯ ಕ್ರಮ. ವತ್ಸನಾಭಿ ಅಪ್ಪಟ ವಿಷದ ಬೇರು. ಗೋಮೂತ್ರದಲ್ಲಿ ನೆನೆಸಿ ಶುದ್ಧಿ ಮಾಡಬೇಕು ಅಂತ ವಿವರವಾಗಿ ಬರೆದಿದ್ದಾರೆ. ಆಮೇಲೆ "ವತ್ಸನಾಭಿ", ಒಂದು ತೂತು, "ಗುಂಜಿ". ಹುಳ ಸರಿಯಾಗಿ ಅಂಕಿಯನ್ನೇ ತಿಂದಿದೆ.

ದೊಡ್ಡಪ್ಪನಿಗೆ ಫೋನ್ ಮಾಡಿದೆ. "ಎರಡು ಅಂತ ಬರಿ. ಅಪ್ಪ ಎರಡು ಅಂತಿದ್ದ ನೆನಪು" ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಫೋನ್ ಮಾಡಿ, "ಅದು ಬೇರೆ ಮಾತ್ರೆಗೂ ಇರಬಹುದು" ಅಂದರು. ನಮ್ಮ ಹಿತ್ತಲಿನ ಹತ್ತು ಗುಲಗಂಜಿ ತೂಗಿದೆ, 1.2 ಗ್ರಾಂ. ಒಂದಕ್ಕೆ 0.12 ಗ್ರಾಂ. ಅಷ್ಟರಲ್ಲಿ ಒಂದು ಹೆಚ್ಚು ಒಂದು ಕಡಿಮೆ ಅಂದರೆ ಏನಾಗುತ್ತದೆ ಅಂತ ನನಗೆ ಪರೀಕ್ಷೆ ಮಾಡುವ ಆಸೆ ಇಲ್ಲ. ತೇಪೆ ಹಾಕಿದೆ, ಬಿಳಿ ಬಿಟ್ಟೆ. ಕಂದು ಹಾಳೆಯ ನಡುವೆ ಆ ಬಿಳಿ ಚುಕ್ಕೆ ಕಣ್ಣಿಗೆ ಹೊಡೆಯುತ್ತದೆ. ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಬಣ್ಣ ಹೊಂದಿಸು ಅಂತ ಇಬ್ಬರು ಹೇಳಿದರು. ಹೊಂದಿಸಲಿಲ್ಲ. ಅಲ್ಲಿ ಏನೋ ಇತ್ತು, ಈಗ ಇಲ್ಲ ಅನ್ನೋದು ಓದುವವನಿಗೆ ಕಾಣಲಿ.

ಅಂದಹಾಗೆ, ಯಾರಾದರೂ ಪುಸ್ತಕದ ಫೋಟೋ ಕೇಳಿದರೆ ಕೊಡುತ್ತೇನೆ, ಮದ್ದು ಮಾಡಲು ಅಂದರೆ ಕೊಡುವುದಿಲ್ಲ. ಅದರಲ್ಲಿ ಈಶ್ವರಬಳ್ಳಿ ಬೇರನ್ನೂ ಧಾರಾಳವಾಗಿ ಕುಡಿಸಿದ್ದಾರೆ. ಅದು ಕಿಡ್ನಿ ಹಾಳು ಮಾಡುತ್ತದೆ ಅನ್ನೋದು ಅವರ ಕಾಲಕ್ಕೆ ಗೊತ್ತಿರಲಿಲ್ಲ.

9. ಜನವರಿ 2025: ಹೊಲಿಗೆ, ಎರಡು ಸಲ

ಹತ್ತತ್ತು ಹಾಳೆಯ 14 ಕಂತೆ, ಕೊನೆಗೆ ಎರಡು ಬಿಡಿ ಹಾಳೆ. ಲಿನನ್ ದಾರ 160 ರೂಪಾಯಿ, ಜೇನುಮೇಣ ಸವರಿಕೊಂಡೆ. ಬೆನ್ನಿಗೆ ವೈಂಡಿಂಗ್‌ಗೆ ಕಟ್ಟುವ 12 ಮಿ.ಮೀ. ಕಾಟನ್ ಟೇಪ್ ಮೂರು ಕಡೆ. ತೂತು ಹಳೆಯವೇ, ಹೊಸದು ಒಂದೂ ಮಾಡಲಿಲ್ಲ. ಎರಡು ಸಂಜೆಯಲ್ಲಿ ಮುಗಿಯಿತು. ಬಹಳ ಚಂದ ಕೂತಿತ್ತು. ಹೆಂಡತಿಗೆ ತೋರಿಸಿದೆ. ಅವಳು ಸುಮ್ನೆ ತಿರುಗಿಸಿ ನೋಡುತ್ತಾ, "ಮಕ್ಕಳ ಜ್ವರಕ್ಕೆ ಹುರುಳಿ ಕಟ್ಟು ಬೇಯಿಸಿ ಕೊಂಬಿಗೆ ಹಚ್ಚಬೇಕಾ?" ಅಂದಳು.

೬ ಮತ್ತು ೯. ಗೆದ್ದಲು ತಿಂದ ಮೂಲೆಯಲ್ಲಿ ಅಂಕಿಯ ಬಾಲ ಹೋಗಿತ್ತು. 61ರ ಕಂತೆ ಇರಬೇಕಾದಲ್ಲಿ 91ರ ಕಂತೆ ಹೊಲಿದಿದ್ದೆ, ಮಕ್ಕಳ ಮದ್ದಿನ ಜಾಗಕ್ಕೆ ದನದ ಮದ್ದು ಬಂದು ಕೂತಿತ್ತು. ಎಲ್ಲ ದಾರ ಕತ್ತರಿಸಿ ಮತ್ತೆ ಹೊಲಿದೆ. ಈ ಸಲ ಅಂಕಿ ನಂಬದೆ, ಹಾಳೆಯ ಕೊನೇ ಸಾಲು ಮುಂದಿನ ಹಾಳೆಯ ಮೊದಲ ಸಾಲಿಗೆ ಕೂಡುತ್ತದಾ ಅಂತ ಓದಿ ಜೋಡಿಸಿದೆ. ಹಳೇ ಹಿಂದಿನ ರಟ್ಟನ್ನು, ಮಸಿಯ ಕ್ರಮ ಇರುವುದರಿಂದ, ಹೊಸ ರಟ್ಟಿನ ಒಳಗೆ ಬೇರೆಯಾಗಿ ಇಟ್ಟಿದ್ದೇನೆ.

ಬ್ಲಾಟಿಂಗ್ ಪೇಪರ್ 300 ಸೇರಿಸಿ ಒಟ್ಟು ಖರ್ಚು 3,400 ರೂಪಾಯಿ. ಗೋಧಿ, ಕಾಟನ್ ಟೇಪ್, ಬಿದಿರು ಕಡ್ಡಿ ಮನೆಯವೇ.

10. ಫೆಬ್ರವರಿ: ಉಳಿದದ್ದು

ಪುಸ್ತಕ ಈಗ ಬೀರುವಿನಲ್ಲಿದೆ, ಬೇವಿನ ಎಲೆ, ನುಸಿಗುಳಿಗೆ ಏನೂ ಇಲ್ಲದೆ. ತೇವಮಾಪಕ ಪಕ್ಕದಲ್ಲೇ, ಇವತ್ತು 54. ಮಳೆಗಾಲಕ್ಕೆ ಡಬ್ಬಕ್ಕೆ ವಾಪಸ್.

ಒಂದು ಕೆಲಸ ಬಾಕಿ. 118 ಮತ್ತು 119ನೇ ಹಾಳೆ ಅಂಟಿಕೊಂಡಿವೆ. ಯಾವ ಕಾಲದಲ್ಲೋ ಜೇನೋ ಬೆಲ್ಲವೋ ಬಿದ್ದಿರಬೇಕು. ಬಿಡಿಸಲು ತೇವ ಕೊಡಬೇಕು, ಆದರೆ ಒಳಗೆ ಕಾಪಿಂಗ್ ಪೆನ್ಸಿಲ್ ಇದ್ದರೆ? ಟಾರ್ಚ್ ಹಿಡಿದು ನೋಡಿದೆ. ಎರಡು ಹಾಳೆಯ ಮಸಿ ಒಂದರ ಮೇಲೊಂದು ಬಿದ್ದು ಕಲಸಿಹೋಗಿದೆ. ಮೂರು ರಾತ್ರಿ ನೋಡಿದ ಮೇಲೆ ಒಂದು ಪದ ಬಿಡಿಸಿಕೊಂಡೆ, "ಹಸುವಿಗೆ". ಅದರ ಮುಂದೆ ಇರೋದು ಪೆನ್ಸಿಲ್ಲೋ ಗೆರೆಯೋ ಇನ್ನೂ ತಿಳಿದಿಲ್ಲ.